ದುಂಡು ಮೇಜುಬಟ್ಟೆಯ ಅಂಚುಪಟ್ಟಿ

ಪುಟ್ಟೀ,

ಮೇಜಿನ ಮೇಲಿರುವ ದುಂಡು ಬಟ್ಟೆಯನ್ನು ಎಳೆಯಬೇಡ. ನಾಲ್ಕಾಗಿ ಮಡಿಚಿ, ದಾರಕ್ಕೆ ಸೀಮೆಸುಣ್ಣ ಕಟ್ಟಿ ಗೀರಿ ಕತ್ತರಿಸಿದ್ದೇನೆ. ಅಂಚು ಹೊಲಿದಿಲ್ಲ, ಜಗ್ಗಿದರೆ ಸೊಟ್ಟಗಾಗುತ್ತದೆ. ಅಂಚಿಗೆ ಪಟ್ಟಿ ಸಾಲಲಿಲ್ಲ, ತರಲು ಅಂಗಡಿಗೆ ಹೋಗಿದ್ದೇನೆ.

ಗಾಬರಿಯಾಗಬೇಡ. ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಹೋಗುತ್ತೇನೆ. ಒಮ್ಮೆ ದಾರಿ ತಪ್ಪಿದೆನೆಂದು ದಿನಾ ನನ್ನನ್ನು ಒಳಗಿಟ್ಟು ಬೀಗ ಹಾಕಿಕೊಂಡು ಕೆಲಸಕ್ಕೆ ಹೋಗುತ್ತೀಯ. ನಿನ್ನ ಭಯ ನನಗೆ ಗೊತ್ತು, ಬೈಯುವುದಿಲ್ಲ. ಆದರೆ ಕಿಟಕಿಯಲ್ಲಿ ನಿಂತು ನಿಂತು ಎದುರುಗೋಡೆಯ ಬಿರುಕುಗಳೆಲ್ಲ ಬಾಯಿಪಾಠವಾಗಿವೆ.

ಇನ್ನೊಂದು ಕೀಲಿಯನ್ನು ಗುಂಡಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೀಯಲ್ಲ, ಹೊಲಿಯುವವಳ ಕಣ್ಣಿಗೆ ಬೀಳದ ಜಾಗವೇನೇ ಅದು?

ಹಾಲು ಕಾಯಿಸಿಟ್ಟಿದ್ದೇನೆ, ಕುಡಿ. ಬಂದ ಮೇಲೆ ಕೀಲಿಯನ್ನು ಅದೇ ಡಬ್ಬಿಯಲ್ಲಿಡುತ್ತೇನೆ. ಜಾಗ ಬದಲಿಸಬೇಡ ಮಗಾ.

ಅಮ್ಮ