ಹಳೆಯ ಕಂಪ್ಯೂಟರಿನ ತಪ್ಪಿಗೆ ಮನೆಯ ಸೊಸೆಯನ್ನು ಕಳ್ಳಿ ಮಾಡಿದವರಿಗೆ

ಬ್ಯಾಂಕಿನ ಡಿಜಿಟಲ್ ಸೇವಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ತನಿಖಾಧಿಕಾರಿ ನಮ್ಮ ಮನೆಯ ಹಜಾರದಲ್ಲಿ ಕುಳಿತು, ನಾವು ಕೊಟ್ಟ ಚಹಾ ಕುಡಿದು, ನನ್ನ ಓರಗಿತ್ತಿಯನ್ನು ಎಲ್ಲರ ಎದುರು ಕಳ್ಳಿ ಎಂದು ಹೋದರು. ಆ ಪದ ಬಳಸಲಿಲ್ಲ, ನಿಜ. ದೊಡ್ಡ ಹುದ್ದೆಯವರು ಅಂಥ ಪದ ಬಳಸುವುದಿಲ್ಲ. "ಪಾಸ್‌ವರ್ಡ್ ಮನೇಲಿ ಇನ್ಯಾರಿಗೆ ಗೊತ್ತಿತ್ತು?" ಎಂದು ಕೇಳಿದರು, ಅವಳ ಮುಖ ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು. ಅಷ್ಟೇ. ನಮ್ಮ ಖಾತೆಯಿಂದ ಹೋದ ಹಣದ ಬಗ್ಗೆ ನಿಮಗೆ ಬರೆದು ಬರೆದು ಸಾಕಾಗಿದೆ. ಪ್ರತಿ ಸಲವೂ "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ" ಎಂದು ನಿಮ್ಮ ಯಂತ್ರ ಉತ್ತರಿಸಿದೆ. ಈ ಪತ್ರ ಹೋದ ಮಾನದ ಬಗ್ಗೆ. ಅದು ಹತ್ತು ಜನರ ಎದುರು ಹೋದದ್ದರಿಂದ ಹತ್ತು ಜನ ಓದುವಂತೆ ಬರೆಯುತ್ತಿದ್ದೇನೆ.

ನಾವು ಇಬ್ಬರು ಸೊಸೆಯಂದಿರು ಸೇರಿ ಮನೆಯ ಕೆಳಗಿನ ಕೋಣೆಯಲ್ಲಿ ಎಂಬ್ರಾಯ್ಡರಿ ಮಷೀನ್ ನಡೆಸುತ್ತೇವೆ. ಶಾಲೆಯ ಮಕ್ಕಳ ಅಂಗಿಯ ಜೇಬಿನ ಮೇಲೆ ದೀಪ, ಪುಸ್ತಕ, ಹಾರುವ ಹಕ್ಕಿ ಇರುತ್ತವಲ್ಲ, ಅವುಗಳನ್ನು ಹೊಲಿಯುವವರು ನಾವು. ಚಿತ್ರ ಕಂಪ್ಯೂಟರಿನಿಂದ ಮಷೀನಿಗೆ ಹೋಗಬೇಕು. ಆ ಮಷೀನು ನಮ್ಮ ಹಳೆಯ ಕಂಪ್ಯೂಟರಿನ ಮಾತು ಬಿಟ್ಟು ಬೇರಾರ ಮಾತನ್ನೂ ಕೇಳುವುದಿಲ್ಲ. ಹೊಸ ಕಂಪ್ಯೂಟರ್ ತಂದರೆ ಮಷೀನನ್ನೂ ಹೊಸದು ತರಬೇಕು. ಮೂಗಿಗಿಂತ ಮೂಗುತಿ ಭಾರ. "ಹಳತನ್ನು ಬಿಸಾಡಬಾರದಿತ್ತೇ?" ಎಂದು ನಿಮ್ಮ ತನಿಖಾಧಿಕಾರಿ ಕೇಳಿದರಲ್ಲ, ಉತ್ತರ ಇದು. ನಾವು ಜಿಪುಣರಲ್ಲ ಸ್ವಾಮಿ, ದುಡಿಯುವವರು.

ಈ ಕಂಪ್ಯೂಟರಿನಲ್ಲಿ ಬ್ಯಾಂಕಿನ ವ್ಯವಹಾರ ಮಾಡುವ ಆಸೆ ನಮಗೇನೂ ಇರಲಿಲ್ಲ. ಮಾರುಕಟ್ಟೆ ಬೀದಿಯ ಶಾಖೆಯಲ್ಲಿ ಕೌಂಟರುಗಳನ್ನು ಕಿತ್ತು, ಗಾಜಿನ ಬಾಗಿಲಿನ ಹಿಂದೆ ಎರಡು ಯಂತ್ರ ನಿಲ್ಲಿಸಿ, "ಇನ್ನು ಮುಂದೆ ಎಲ್ಲವೂ ಮನೆಯಿಂದಲೇ" ಎಂದು ಬ್ಯಾನರ್ ಕಟ್ಟಿದವರು ನೀವು. ಟೈ ಕಟ್ಟಿದ ಪ್ರತಿನಿಧಿಯನ್ನು ನಮ್ಮ ಮನೆಗೆ ಕಳಿಸಿದವರೂ ನೀವೇ. ಆತ ಅದೇ ಕಂಪ್ಯೂಟರಿನ ಮುಂದೆ ಕುಳಿತು ನಮ್ಮ ಖಾತೆಯನ್ನು ಆನ್‌ಲೈನ್ ಮಾಡಿಕೊಟ್ಟ. ನಡುವೆ ಪರದೆಯ ಮೇಲೆ ಹಳದಿ ಪಟ್ಟಿಯೊಂದು ಬಂತು: ಈ ಕಂಪ್ಯೂಟರಿಗೆ ಇನ್ನು ಸುರಕ್ಷತೆಯ ಅಪ್‌ಡೇಟ್ ಸಿಗುವುದಿಲ್ಲ ಎಂದು. ನಾನು ಕೇಳಿದೆ, "ಸರ್, ಇದು ಹಳೇದು. ಇದರಲ್ಲಿ ದುಡ್ಡಿನ ಕೆಲಸ ಮಾಡಬಹುದಾ?"

"ಅದು ಬರ್ತಾನೇ ಇರುತ್ತೆ ಮೇಡಂ, ತಲೆ ಕೆಡಿಸ್ಕೋಬೇಡಿ. ನಮ್ಮ ವೆಬ್‌ಸೈಟು ಕೋಟೆ ಇದ್ದ ಹಾಗೆ," ಎಂದು ಆತ ಪಟ್ಟಿಯನ್ನು ಮುಚ್ಚಿದ.

ಕೋಟೆ ಭದ್ರವಾಗಿಯೇ ಇದ್ದೀತು. ಆದರೆ ಕೋಟೆಗೆ ಹೋಗುವ ದಾರಿಯಲ್ಲೇ ಕಳ್ಳ ಕುಳಿತಿದ್ದರೆ ಹೋಗುವವರ ಗತಿಯೇನು? ಆ ದಾರಿ ಯಾವುದೆಂದು ನಿಮ್ಮವರು ಕಣ್ಣಾರೆ ನೋಡಿದ್ದರಲ್ಲವೇ?

ನಡೆದದ್ದು ಇಷ್ಟು. ಶಾಲೆಗಳು ತೆರೆಯುವ ಮುಂಚಿನ ದಿನಗಳು. ನಮಗೆ ಉಸಿರಾಡಲೂ ಪುರುಸೊತ್ತಿಲ್ಲದ ಕಾಲ. ನಾನು ಮಷೀನಿನ ಬಳಿ ದಾರ ಬದಲಿಸುತ್ತಿದ್ದೆ. ಓರಗಿತ್ತಿ ದಾರದ ವ್ಯಾಪಾರಿಗೆ ಹಣ ಕಳಿಸಲು ಕೂತಿದ್ದಳು. ಮೊಬೈಲಿಗೆ ಒಟಿಪಿ ಬಂತು, ಹಾಕಿದಳು. ಪುಟ ಸುತ್ತುತ್ತಲೇ ಇತ್ತು. "ಸಂಪರ್ಕ ಕಡಿತಗೊಂಡಿದೆ, ಹೊಸದಾಗಿ ಬಂದ ಒಟಿಪಿ ಹಾಕಿ" ಎಂದಿತು. ಹಾಕಿದಳು. ಮತ್ತೆ ಕೇಳಿತು.

"ಅಕ್ಕಾ, ಇದ್ಯಾಕೋ ಮತ್ತೆ ಮತ್ತೆ ಕೇಳ್ತಿದೆ!" ಎಂದು ಅವಳು ಕೂಗಿದ್ದು ಮಷೀನಿನ ಸದ್ದಿನಲ್ಲಿ ನನಗೆ ಅರ್ಧಂಬರ್ಧ ಕೇಳಿಸಿತು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಪುಟದ ಮೇಲೆ ಹಸಿರು ಗುರುತು ಬಿದ್ದು "ಯಶಸ್ವಿ" ಎಂದಿತ್ತು. ಇಬ್ಬರೂ ನಿಟ್ಟುಸಿರುಬಿಟ್ಟೆವು.

ಊಟದ ಹೊತ್ತಿಗೆ ವ್ಯಾಪಾರಿಯ ಫೋನ್. "ಏನಮ್ಮಾ, ಕಳಿಸ್ತೀನಿ ಅಂದ್ರಿ, ಇನ್ನೂ ಬಂದಿಲ್ಲ?"

ಮೊಬೈಲಿನ ಸಂದೇಶಗಳನ್ನು ಈಗ ಸರಿಯಾಗಿ ಓದಿದೆವು. ಅವಳು ಒಟಿಪಿ ಹಾಕಿದ ಪ್ರತಿ ಸಲವೂ ಹಣ ಹೋಗಿತ್ತು, ನಾವು ಹೆಸರೇ ಕೇಳದ ಯಾರಿಗೋ. ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಭಾಷೆಗೆ ಒಂದು ಒತ್ತಿ, ಸಾಲಕ್ಕೆ ಎರಡು ಒತ್ತಿ, ಹೊಸ ಕಾರ್ಡಿನ ಕೊಡುಗೆಗೆ ಮೂರು ಒತ್ತಿ. "ಮನೆಗೆ ಕಳ್ಳ ನುಗ್ಗಿದ್ದಾನೆ" ಎನ್ನುವುದಕ್ಕೆ ಯಾವ ಸಂಖ್ಯೆ ಒತ್ತಬೇಕು ಸ್ವಾಮಿ? ಸಂಗೀತ ಕೇಳಿ ಕೇಳಿ, ಕೊನೆಗೊಬ್ಬ ಹೆಣ್ಣುಮಗಳು ಸಿಕ್ಕಳು. "ಮೇಡಂ, ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಲಾಗಿನ್ ಆಗಿ ಪಾಸ್‌ವರ್ಡ್ ಬದಲಾಯಿಸಿ, ಆಮೇಲೆ ಅಲ್ಲೇ ದೂರು ದಾಖಲಿಸಿ," ಎಂದಳು.

ನಾನು ಕೀಲಿಮಣೆಯ ಮೇಲೆ ಕೈ ಇಟ್ಟಿದ್ದೆ. ಓರಗಿತ್ತಿ ನನ್ನ ಮಣಿಕಟ್ಟು ಹಿಡಿದಳು. "ಬೇಡ ಅಕ್ಕಾ! ಇದರೊಳಗೇ ಏನೋ ಇದೆ. ಹೊಸ ಬೀಗದ ಕೈನೂ ಅವನಿಗೇ ಕೊಟ್ಟ ಹಾಗಾಗುತ್ತೆ," ಎಂದು ಮೇಜಿನಡಿ ಬಗ್ಗಿ ಇಂಟರ್‌ನೆಟ್ಟಿನ ವೈರು ಕಿತ್ತಳು. ಪಕ್ಕದ ಔಷಧಿ ಅಂಗಡಿಗೆ ಓಡಿ, ಅಂಗಡಿಯವರ ಫೋನಿನಲ್ಲಿ ಬ್ಯಾಂಕಿನ ವೆಬ್‌ಸೈಟು ತೆರೆದು ಖಾತೆಗೆ ತಡೆ ಹಾಕಿಸಿದವಳೂ ಅವಳೇ. ಅಷ್ಟರಲ್ಲಿ ಹೋಗುವುದೆಲ್ಲ ಹೋಗಿತ್ತು. ನಮ್ಮಲ್ಲಿ ಕೆಲಸಕ್ಕೆ ಬರುವ ಹೆಂಗಸರ ಸಂಬಳದ ಹಣ ಮಾತ್ರ ಉಳಿಯಿತು. ಅದೂ ಉಳಿದದ್ದು ಅವಳಿಂದ, ನಿಮ್ಮಿಂದಲ್ಲ. ಇದನ್ನು ನಿಮ್ಮ ತನಿಖಾಧಿಕಾರಿಗೆ ಹೇಳಿದೆ. ಅವರು ಬರೆದುಕೊಳ್ಳಲಿಲ್ಲ.

ಅವರು ಕೇಳಿದ್ದು ಬೇರೆ. ಒಟಿಪಿ ಹಾಕಿದ್ದು ಯಾರು? ಪಾಸ್‌ವರ್ಡ್ ಯಾರಿಗೆ ಗೊತ್ತಿತ್ತು? ಖಾತೆಗೆ ತಡೆ ಹಾಕಿಸಲು ಅಷ್ಟು ಬೇಗ ಇವರಿಗೇ ಹೇಗೆ ಹೊಳೆಯಿತು? ಎಲ್ಲದಕ್ಕೂ ಉತ್ತರ ಒಬ್ಬಳೇ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದು ಅವರು ತೀರ್ಮಾನಿಸಿರಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಗಾದೆಯಲ್ಲಿ ಮಾತ್ರ ಎಂದುಕೊಂಡಿದ್ದೆ.

ಅವರು ಹೋದರು, ಬಿತ್ತಿದ್ದು ಮೊಳೆಯಿತು. ಅಡುಗೆಮನೆಯಲ್ಲಿ ನಮ್ಮತ್ತೆ ಪಾತ್ರೆ ಒರೆಸುತ್ತ ನನಗಷ್ಟೇ ಕೇಳಲೆಂದು ಹೇಳಿದರು, "ನಾನೇನೂ ಹೇಳಲ್ಲಮ್ಮಾ. ಆದ್ರೆ ಅವಳ ತಮ್ಮ ಈಗ್ತಾನೆ ಹೊಸ ಗಾಡಿ ತಗೊಂಡ್ನಲ್ಲ, ಅದಕ್ಕೆಲ್ಲಿಂದ ಬಂತು?"

ಓರಗಿತ್ತಿ ಬಾಗಿಲಲ್ಲೇ ನಿಂತಿದ್ದಳು. ನಾನು "ಛೇ, ಏನತ್ತೆ ನೀವು" ಎಂದೆ. ಎನ್ನುವ ಮೊದಲು ಒಂದು ಗಳಿಗೆ ಸುಮ್ಮನಿದ್ದೆ. ಆ ಒಂದು ಗಳಿಗೆಯನ್ನು ಅವಳು ನೋಡಿದಳು. ಕೋಣೆಯ ಬೀಗದ ಕೈಯನ್ನು ಕಟ್ಟೆಯ ಮೇಲಿಟ್ಟು ಮಹಡಿ ಹತ್ತಿದವಳು ಆಮೇಲೆ ಕೆಳಗಿನ ಕೋಣೆಗೆ ಕಾಲಿಡಲಿಲ್ಲ. ಒಂದೇ ಮನೆಯಲ್ಲಿದ್ದೂ ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಒಡಹುಟ್ಟಿದವರಿಗಿಂತ ಹೆಚ್ಚಾಗಿದ್ದವರು ನಾವು.

ನಾವು ದೂರು ಕೊಟ್ಟಿದ್ದ ಸೈಬರ್ ಠಾಣೆಯ ಇನ್‌ಸ್ಪೆಕ್ಟರ್ ಮೇಡಂ ಕಂಪ್ಯೂಟರನ್ನು ತರಿಸಿಕೊಂಡು ಪರೀಕ್ಷೆ ಮಾಡಿಸಿದರು. ನನ್ನನ್ನು ಕರೆದು ಹೇಳಿದರು, "ಇದು ಮನೆಯವರ ಕೈ ಅಲ್ಲಮ್ಮಾ. ಹಳೇ ಕಂಪ್ಯೂಟರಿನ ಮುಚ್ಚದ ತೂತಿನಿಂದ ಒಂದು ಕಳ್ಳ ಪ್ರೋಗ್ರಾಮ್ ಒಳಗೆ ಬಂದು ಕೂತಿತ್ತು. ನಿಮಗೆ ಕಾಣಿಸಿದ್ದು ದಾರದವರ ಹೆಸರು, ಬ್ಯಾಂಕಿಗೆ ಹೋಗಿದ್ದು ಕಳ್ಳನ ಹೆಸರು. ಇದೇ ಥರದ ದೂರು ನಮ್ಮಲ್ಲಿ ಬೇಕಾದಷ್ಟಿವೆ. ಬ್ಯಾಂಕಿಗೂ ತಿಳಿಸಿದ್ವಿ, ಬಹಳ ಹಿಂದೆಯೇ."

ಬಹಳ ಹಿಂದೆಯೇ! ಅಂದರೆ ನಿಮ್ಮವರು ನಮ್ಮ ಹಜಾರದಲ್ಲಿ ಚಹಾ ಕುಡಿಯುವಾಗಲೇ ಬ್ಯಾಂಕಿಗೆ ಇದು ತಿಳಿದಿತ್ತು. ತಿಳಿದೂ ಪೆನ್ನಿನ ಮುಚ್ಚಳ ಹಾಕಿದರು.

ನಾನು ನೇರ ಮಹಡಿಗೆ ಹೋದೆ. ಅತ್ತೆಯೂ ಹಿಂದೆಯೇ ಬಂದರು, ಮಂಡಿ ನೋವೆಂದು ವರ್ಷದಿಂದ ಮಹಡಿ ಹತ್ತದವರು. ಇನ್‌ಸ್ಪೆಕ್ಟರ್ ಹೇಳಿದ್ದನ್ನು ಹೇಳಿದೆ. ಅತ್ತೆ ಅವಳ ಕೈ ಹಿಡಿದುಕೊಂಡು "ನನ್ನ ನಾಲಿಗೆ ಸುಡ" ಎಂದು ಅತ್ತರು. ಅವಳು ಅಳಲಿಲ್ಲ. ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟು, "ನಾಳೆಯಿಂದ ಬರ್ತೀನಿ ಅಕ್ಕಾ. ದಾರ ಪೋಣಿಸ್ತೀನಿ, ಬಟ್ಟೆ ಕತ್ತರಿಸ್ತೀನಿ. ಆದ್ರೆ ಆ ಪಾಸ್‌ವರ್ಡ್ ಮಾತ್ರ ನನಗೆ ಹೇಳ್ಬೇಡಿ," ಎಂದಳು.

ಈಗ ಹಳೆಯ ಕಂಪ್ಯೂಟರಿಗೆ ಇಂಟರ್‌ನೆಟ್ ಇಲ್ಲ. ಅದು ಮಷೀನಿನ ಜೊತೆ ಮಾತ್ರ ಮಾತಾಡುತ್ತದೆ. ಬ್ಯಾಂಕಿಗೆ ಬೇರೊಂದು ಫೋನ್ ಇಟ್ಟಿದ್ದೇವೆ, ಅಪ್‌ಡೇಟ್ ಕೇಳಿದ ದಿನವೇ ಕೊಡುತ್ತೇವೆ. ಒಂದು ದಿನಕ್ಕೆ ಇಷ್ಟೇ ಹೋಗಬೇಕು ಎಂದು ಮಿತಿ ಹಾಕಿದ್ದೇವೆ. ಒಟಿಪಿಯ ಸಂದೇಶದಲ್ಲಿ ಯಾರಿಗೆ, ಎಷ್ಟು ಎಂದು ಓದದೆ ಒಂದು ಅಂಕಿಯನ್ನೂ ಒತ್ತುವುದಿಲ್ಲ. ಎರಡನೇ ಸಲ ಕೇಳಿದರೆ ಅಲ್ಲಿಗೇ ನಿಲ್ಲಿಸುತ್ತೇವೆ. ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಹೇಳಬಹುದಾದ ಮಾತುಗಳಿವು. ನಿಮ್ಮ ಪ್ರತಿನಿಧಿಗೆ ಹೇಳಲು ಬಿಡುವಾಗಲಿಲ್ಲ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವುದನ್ನು ನಾವೇ ಕಲಿತೆವು.

ಇನ್ನು ನನ್ನ ಬೇಡಿಕೆ. ಅಪ್‌ಡೇಟ್ ನಿಂತ ಕಂಪ್ಯೂಟರಿನಿಂದ ಯಾರಾದರೂ ಬಂದರೆ ಬಾಗಿಲಲ್ಲೇ ತಡೆದು ಕಾರಣ ಹೇಳಿ. ಹಣ ಹೋದ ಮೇಲೆ, ನಮ್ಮ ಕಡತದಲ್ಲಿ ಬರೆದ ಹಾಗೆ, "ಗ್ರಾಹಕರ ನಿರ್ಲಕ್ಷ್ಯ" ಎಂದು ಬರೆಯಬೇಡಿ. ತಡೆ ಹಾಕಿಸಲು ಮನುಷ್ಯರು ಎತ್ತುವ ಒಂದು ಫೋನ್ ಇಡಿ. ಮಾರುಕಟ್ಟೆ ಬೀದಿಯಲ್ಲಿ ಒಂದು ಕೌಂಟರ್ ಸಾಕು, ತೆರೆಯಿರಿ. ನಮ್ಮ ಹಣದ ವಿಚಾರ ನ್ಯಾಯಾಲಯ ನೋಡಿಕೊಳ್ಳಲಿ, ಕಾಯುತ್ತೇವೆ.

ಕಾಯಲಾರದ್ದು ಒಂದಿದೆ. ನನ್ನ ಓರಗಿತ್ತಿಗೆ ನೀವು ಕ್ಷಮೆ ಕೇಳಬೇಕು. ಅಂಚೆಯಲ್ಲಿ ಬೇಡ, ಇಮೇಲಿನಲ್ಲಂತೂ ಬೇಡವೇ ಬೇಡ. ಅದೇ ಅಧಿಕಾರಿಯನ್ನು ಅದೇ ಹಜಾರಕ್ಕೆ ಕಳಿಸಿ. ಅಂದು ಇದ್ದವರೆಲ್ಲ ಇರುತ್ತೇವೆ. "ತಪ್ಪು ನಮ್ಮದು, ನಿಮ್ಮದಲ್ಲ" ಎಂದು ಅವಳ ಮುಖ ನೋಡಿ ಹೇಳಲಿ. ಅವಳು ಕ್ಷಮಿಸುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನನ್ನೇ ಅವಳು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಇಂತಿ,
ನಿಮ್ಮ ಕಡತದ ಪ್ರಕಾರ ನಿರ್ಲಕ್ಷ್ಯ ತೋರಿದ ಗ್ರಾಹಕಿ,
ಮನೆಯಲ್ಲಿ ಹಿರಿಯ ಸೊಸೆ