ಶಿಯಾನ್‌ನಲ್ಲಿ ರೊಟ್ಟಿ ಮುರಿದದ್ದು

ಶಿಯಾನ್, 14 ಅಕ್ಟೋಬರ್ 2018, ಭಾನುವಾರ

ಲಕ್ಷ್ಮೇಶ್ವರ ಬಜಾರದ ಅಧಿಪತಿ, ಚೀನಾ ದಿಗ್ವಿಜಯಿ, ಶ್ರೀಮದ್ ರಮೀಜ ಮಹಾರಾಜರ ಪಾದಾರವಿಂದಗಳಿಗೆ ಅದೇ ರಮೀಜನು ಲಾಡ್ಜಿನ ಹಾಸಿಗೆಯಿಂದ ಮಾಡುವ ವಿಜ್ಞಾಪನೆ: ತಾಯಿಯ ತಾಯಿ ನಾನಿ ತೀರಿಕೊಂಡಳು. ನಿನ್ನೆ ಖಬರ ಬಂತು. ಅಂಗಡಿಯ ಮಾಲು ಖರೀದಿಗೆ ಇಷ್ಟು ದೂರ ಬಂದ ನಾನೂ ನಾನಿಯ ಮಗ ಶಫೀಕ ಮಾಮುವೂ ಊರು ಮುಟ್ಟುವ ಮಾತೇ ಇರಲಿಲ್ಲ. ಸಂಜೆಯೊಳಗೆ ದಫನ್ ಮುಗಿದಿತ್ತು.

ಇವತ್ತು ಶಫೀಕ ಮಾಮು ಬೆಳಿಗ್ಗೆಯೇ ಬೂಟು ಹಾಕಿಕೊಂಡು ನಿಂತ.

"ಖರೇನ ಊರು ನೋಡಾಕ ಹೊಂಟೇವೇನು, ಮಾಮು?"

"ರೂಮಿನ್ಯಾಗ ಕುಂತ್ರ ಅಮ್ಮಾ ಎದ್ದು ಬರ್ತಾಳೇನಲೇ? ನಡಿ."

ನೋಡಿದೆವು. ಹಳೇ ರಾಜನ ಗೋರಿ ಕಾಯುವ ಮಣ್ಣಿನ ಸೈನಿಕರು ಸಾಲುಸಾಲಾಗಿ ನಿಂತಿದ್ದರು. ಒಬ್ಬನೂ ಅಳುತ್ತಿರಲಿಲ್ಲ, ಮಾಮುವಿನ ಹಾಗೆಯೇ. ಗುಡಿಯಂತೆ ಕಾಣುವ ಹಳೇ ಮಸೀದಿಯಲ್ಲಿ ಅವನು ಬಹಳ ಹೊತ್ತು ದುವಾ ಕೇಳಿದ. ಆಗಲೂ ಕಣ್ಣು ಒಣಗಿಯೇ ಇತ್ತು.

ಮಸೀದಿಯ ಓಣಿಯಲ್ಲೇ ಊಟ. ಅಲ್ಲಿ ಖಾಲಿ ಬಟ್ಟಲು ಮತ್ತು ಗಟ್ಟಿ ರೊಟ್ಟಿ ಕೊಡುತ್ತಾರೆ. ನಾವೇ ಸಣ್ಣಗೆ ಮುರಿದು ಬಟ್ಟಲಿಗೆ ಹಾಕಿ ಕೊಟ್ಟರೆ ಕುರಿ ಮಾಂಸದ ಸಾರು ಹಾಕಿ ತರುತ್ತಾರೆ. ನಾನು ನಾಲ್ಕೇ ತುಂಡು ಮಾಡಿ ಗಂಭೀರವಾಗಿ ಒಪ್ಪಿಸಿದೆ. ಅಂಗಡಿಯ ಮುದುಕಿ ಬೈದು ವಾಪಸ್ ಕೊಟ್ಟಳು. ಮಾಮು ಮಾತ್ರ ಜೋಳದ ಕಾಳಿನಷ್ಟು ಸಣ್ಣಗೆ ಮುರಿಯುತ್ತ ಕುಳಿತ. ಹಲ್ಲಿಲ್ಲದ ನಾನಿಗೆ ದಿನಾ ಹಾಲಿನಲ್ಲಿ ರೊಟ್ಟಿ ಮುರಿದು ಹಾಕುತ್ತಿದ್ದವನು ಅವನೇ. ಮುದುಕಿ ಅವನ ಬಟ್ಟಲು ನೋಡಿ ಹೆಬ್ಬೆರಳು ಎತ್ತಿದಳು.

"ನಮ್ಮ ಅಮ್ಮಾಗ ಇನ್ನೂ ಸಣ್ಣ ಬೇಕಾಗತಿತ್ರಿ," ಎಂದು ಅವಳಿಗೆ ಕನ್ನಡದಲ್ಲೇ ಹೇಳಿದ ಮಾಮು, ಎದ್ದು ಹೊರಗೆ ಹೋಗಿ ಗೋಡೆಗೆ ಮುಖ ಹಚ್ಚಿ ಅತ್ತ.

ನಾನೂ ಹಿಂದೆ ಹೋಗಬೇಕಿತ್ತು. ಆದರೆ ಅಷ್ಟರಲ್ಲಿ ಸಾರು ಬಂದಿತ್ತು. ಎರಡೂ ಬಟ್ಟಲು ನಾನೇ ತಿಂದೆ. ಮಾಮುವಿನದೇ ಹೆಚ್ಚು ರುಚಿ ಇತ್ತು.