ಗಂಗನಿಗೆ ಕೊಡಲಾಗದ ಎಳನೀರು

ದೋಸ್ತ್ ಗಂಗ,

ಮಷೀನಿನ ಮೇಲೆ ತಲೆ ಬಗ್ಗಿಸಿ ಹೊಲಿಯುತ್ತಿರುವಾಗ ಅಂಗಡಿ ಬಾಗಿಲಲ್ಲಿ ನೆರಳು ಬಿದ್ದರೆ ಈಗಲೂ ನೀನೇ ಬಂದೆ ಅನ್ನಿಸುತ್ತದೆ. "ಸಲೀಮ, ಚಡ್ಡಿ ತಿರ್ಗಾ ಹರೀತು ಕಣ್ಲಾ. ಈ ಸಲ ಗೋಣಿಚೀಲದಲ್ಲೇ ಹೊಲ್ದ್ಬುಡು" ಅನ್ನುತ್ತಿದ್ದೆಯಲ್ಲ. ನಮ್ಮ ಕಡೆ ಕಬಡ್ಡಿ ಆಡಿ ಸಂಬಳ ತೆಗೆದುಕೊಳ್ಳುತ್ತಿದ್ದವನು ನೀನೊಬ್ಬನೇ. ಬೆಂಗಳೂರಿನಲ್ಲಿ ಸರ್ಕಾರಿ ಇಲಾಖೆಯ ತಂಡ, ಇಲಾಖೆಯ ಕೋಣೆ, ಆದರೂ ಚಡ್ಡಿಗೆ ತೇಪೆ ಹಾಕಿಸಲು ತಿಪಟೂರಿಗೇ ಬರಬೇಕು. ಅಷ್ಟು ದೊಡ್ಡ ಊರಿನಲ್ಲಿ ಒಬ್ಬ ದರ್ಜಿಯೂ ಸಿಗಲಿಲ್ಲವೇನೋ ನಿನಗೆ?

ನೊಣವಿನಕೆರೆಯಲ್ಲಿ ತುರುವೇಕೆರೆಯವರ ಆ ಉದ್ದನೆಯ ರೈಡರ್‌ನನ್ನು ಹಿಡಿದೆಯಲ್ಲ, ಅವತ್ತು ನಾನು ಗಂಟಲು ಕಳೆದುಕೊಂಡೆ. ಬೇರೆ ಊರಿನವರೆಲ್ಲ ದಾಳಿ ಮಾಡುವವನಿಗೆ ಸಿಳ್ಳೆ ಹೊಡೆಯುತ್ತಾರೆ. ನಾವು ಮಾತ್ರ ಹಿಡಿಯುವವನ ಕಡೆ. ನೀನು ಎಡಗಡೆ ಮೂಲೆಯಲ್ಲಿ ಏನೂ ಗೊತ್ತಿಲ್ಲದವನ ಹಾಗೆ ನಿಂತಿದ್ದೆ. ಅವನು ಕಾಲು ಚಾಚಿದ್ದೇ ತಡ, ಕಾಲಿನ ಗಂಟು ನಿನ್ನ ಎರಡೂ ಕೈಯಲ್ಲಿ. ಅವನು ನಿನ್ನನ್ನು ಗೆರೆಯವರೆಗೂ ಎಳೆದುಕೊಂಡು ಹೋದ, ಮುಖವೆಲ್ಲ ಮಣ್ಣು. ನಾವು "ಬುಡಬ್ಯಾಡ ಕಣ್ಲಾ ಗಂಗ, ಬುಡಬ್ಯಾಡ" ಅಂತ ಕೂಗಿದ್ದೇ ಕೂಗಿದ್ದು. ಸೀಟಿ ಊದಿದ ಮೇಲೂ ನೀನು ಬಿಡಲಿಲ್ಲ. ಕೊನೆಗೆ ಅಂಪೈರೇ ಬಂದು ನಿನ್ನ ಬೆರಳು ಬಿಡಿಸಬೇಕಾಯಿತು. ಮಹಾ ಮೊಂಡ ನೀನು.

ಆಟಕ್ಕಿಳಿಯುವ ಮೊದಲು ನೀನು ಮಾತ್ರೆ ನುಂಗುವುದನ್ನೂ ನೋಡಿದ್ದೇವೆ. ಭುಜ ನೋವು, ಮಂಡಿ ನೋವು, ಸೊಂಟ ನೋವು, ಎಲ್ಲಕ್ಕೂ ಅದೇ ಮಾತ್ರೆ. "ಇವ್ನು ನಮ್ ಟೀಮಿನ ಎಂಟ್ನೇ ಆಟಗಾರ ಕಣ್ರಲಾ" ಅಂತ ಮಾತ್ರೆಯ ಪಟ್ಟಿ ತೋರಿಸಿ ನಗುತ್ತಿದ್ದೆ. ನಾವೂ ನಕ್ಕೆವು. ಆ ಎಂಟನೆಯವನು ಒಳಗೊಳಗೇ ಎದುರಾಳಿ ಕಡೆ ಆಡುತ್ತಿದ್ದಾನೆ ಅಂತ ನಮಗೇನು ಗೊತ್ತಿತ್ತು? ನಿನಗಾದರೂ...

ತುಮಕೂರಿನ ಆಸ್ಪತ್ರೆಗೆ ನಾವು ಟೆಂಪೋ ಮಾಡಿಕೊಂಡು ಬಂದ ದಿನ ನೆನಪಿದೆಯಾ? ಆ ನೋವಿನ ಮಾತ್ರೆಯಿಂದಲೇ ಎರಡೂ ಕಿಡ್ನಿ ಕೈಕೊಟ್ಟಿವೆ ಅಂತ ಸುದ್ದಿ ಬಂದಿತ್ತು. ಕೊಬ್ಬರಿ ಮಂಡಿಯ ಹಮಾಲರು, ಟೀ ಅಂಗಡಿಯ ಮಂಜಣ್ಣ, ನಿನ್ನ ಆಟ ನೋಡಲು ಡ್ಯೂಟಿ ಬದಲಾಯಿಸಿಕೊಳ್ಳುತ್ತಿದ್ದ ಆ ಕಂಡಕ್ಟರ್ ನಾಗರಾಜು, ಎಲ್ಲರೂ ಅವರವರ ತೋಟದ್ದೋ ನೆಂಟರ ತೋಟದ್ದೋ ಎಳನೀರು ಗೊನೆ ಇಳಿಸಿಕೊಂಡು ಬಂದಿದ್ದರು. ಹುಷಾರಿಲ್ಲದವರನ್ನು ಬರಿಗೈಯಲ್ಲಿ ನೋಡಲು ಹೋಗುವುದುಂಟಾ? ನಿನ್ನ ಮಂಚದ ಕೆಳಗೆಲ್ಲ ಎಳನೀರು. ಮಂಜಣ್ಣ ಒಂದನ್ನು ಕೆತ್ತಿ ನಿನ್ನ ಬಾಯಿಗೆ ಹಿಡಿಯುವ ಹೊತ್ತಿಗೆ ಡಾಕ್ಟರಮ್ಮ ಓಡಿಬಂದು ಕೈ ತಡೆದರು.

"ಯಾರ್ರೀ ಇದನ್ನ ತಂದಿದ್ದು? ಇವ್ರಿಗಿದು ವಿಷ!"

"ವಿಷಾನಾ ಮೇಡಂ? ನಮ್ ತೋಟದ್ದು ಕಣ್ರೀ!" ಅಂದ ಮಂಜಣ್ಣ.

ಅವರು ಪಾಪ, ಬಿಡಿಸಿ ಹೇಳಿದರು. ಎಳನೀರಿನಲ್ಲಿರುವ ಒಂದು ಲವಣವನ್ನು ಕೆಟ್ಟ ಕಿಡ್ನಿ ಹೊರಗೆ ಹಾಕಲಾರದಂತೆ. ಅದು ರಕ್ತದಲ್ಲೇ ಉಳಿದು ಹೃದಯ ನಿಲ್ಲಿಸಿಬಿಡುತ್ತದಂತೆ. ಪಕ್ಕದ ಮಂಚದವರಿಗೆ ಕೊಡೋಣವೆಂದರೆ ಆ ವಾರ್ಡಿನಲ್ಲಿ ಎಲ್ಲರದೂ ಅದೇ ಕಾಯಿಲೆ. ನೀನೊಬ್ಬ ಮಲಗಿದ್ದಲ್ಲೇ ನಗುತ್ತಿದ್ದೆ: "ಕಿಡ್ನಿ ನಿಧಾನಕ್ಕೆ ಸಾಯಿಸ್ತಿತ್ತು. ನೀವು ಒಂದೇ ಸಲಕ್ಕೆ ಮುಗ್ಸಾಕೆ ಬಂದ್ರೇನ್ಲಾ?" ಗೊನೆಗಳನ್ನೆಲ್ಲ ಮತ್ತೆ ಕೆಳಗೆ ಹೊತ್ತು ತಂದೆವು. ಗೇಟಿನ ಹೊರಗೆ ನಿಂತು ಬಾಯಾರಿಕೆ ಇಲ್ಲದಿದ್ದರೂ ನಾವೇ ಕುಡಿದೆವು. ನಮ್ಮ ನಾಡಿನಲ್ಲಿ ಇನ್ನೊಬ್ಬರಿಗೆ ಕೊಡಲು ಅದೊಂದು ಇತ್ತು, ಅದೂ ನಿನಗೆ ಆಗಲಿಲ್ಲ. ಅವತ್ತು ನಾಗರಾಜು ಬಿಕ್ಕಿ ಬಿಕ್ಕಿ ಅತ್ತ. ನಾನೂ ಅತ್ತೆ.

ಕಿಡ್ನಿ ಬದಲಾಯಿಸಬೇಕು ಎಂದಾಗ ಹಮಾಲರು ಅಂಗಿ ಎತ್ತಿಕೊಂಡೇ ನಿಂತರು. "ಪೇಷಂಟಿಗೆ ನೀವು ಏನಾಗಬೇಕು?" ಅಂತ ಡಾಕ್ಟರಮ್ಮ ಕೇಳಿದರು. "ನಾವು ಗಂಗಣ್ಣನ ಕಡೆಯೋರು" ಅಂದ ನಾಗರಾಜು. ಹಾಗೆಂದರೆ ಆಗುವುದಿಲ್ಲವಂತೆ. ರಕ್ತ ಹಂಚಿಕೊಂಡವರೋ ಹೆಂಡತಿಯೋ ಆಗಬೇಕಂತೆ. ನಿನ್ನವ್ವನಿಗೆ ಸಕ್ಕರೆ ಕಾಯಿಲೆ, ಒಡಹುಟ್ಟಿದವರು ಇಲ್ಲ. ಉಳಿದವಳು ನಿನ್ನ ಹೆಂಡತಿ ಜಯಮ್ಮ. ಅವಳ ಹೆಸರೆತ್ತಿದ್ದೇ ತಡ ನೀನು ಸೂಜಿ ಚುಚ್ಚಿದ ಕೈಯಲ್ಲೇ ಎದ್ದು ಕೂತೆ. "ಅವ್ಳ್ ತಂಟೆಗೆ ಹೋದ್ರೆ ನಾನು ಈಗ್ಲೇ ಊರಿಗೆ ಬತ್ತೀನಿ. ಅವ್ಳಿಗೂ ಏನಾರ ಆದ್ರೆ ಮಗೀನ ಯಾರ್ಲಾ ನೋಡ್ಕಳೋರು?" ಆಮೇಲೆ ನಾವು ನಿನ್ನೆದುರು ಅವಳ ಹೆಸರೆತ್ತಲಿಲ್ಲ.

ಸಂಪಿಗೆ ಊರಿನ ದೇವರ ಪ್ರಸಾದ ಅಂತ ಜಯಮ್ಮ ನಿನಗೆ ಕಲ್ಲುಸಕ್ಕರೆ ಕೊಟ್ಟಳಲ್ಲ, ಕಣ್ಣಿಗೊತ್ತಿಕೊಂಡು ತಿಂದೆ. ಅದು ಪ್ರಸಾದವಲ್ಲ ಮಾರಾಯ. ಬೆಂಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೊಂಡದ್ದು. ಅದರ ಹಿಂದಿನ ದಿನ ಅವಳು ನನ್ನ ಅಂಗಡಿಗೆ ಬಂದಿದ್ದಳು. "ಸಲೀಮಣ್ಣ, ಸಂಪಿಗೆಗೆ ಪೂಜೆಗೆ ಹೋಗ್ತೀನಿ ಅಂತ ಅವ್ರಿಗೆ ಹೇಳಿವ್ನಿ. ಹೋಗೋದು ಬೆಂಗ್ಳೂರಿಗೆ, ನನ್ ಕಿಡ್ನಿ ಹೊಂದ್ತದಾ ಅಂತ ನೋಡ್ಸಾಕೆ. ನಂಗೆ ಆ ಊರಲ್ಲಿ ದಾರಿ ಗೊತ್ತಾಗಲ್ಲ. ನೀನ್ ಜತೆಗೆ ಬಾ" ಅಂದಳು. ನಾನು ಅಳತೆ ಟೇಪನ್ನು ಕೊರಳಿಂದ ತೆಗೆದಿಟ್ಟು ಹೊರಟೆ. ಅಲ್ಲಿನ ಲ್ಯಾಬಿನಲ್ಲಿ ಅವಳ ರಕ್ತ ತೆಗೆದುಕೊಂಡರು. ಹೊಂದುತ್ತದೋ ಇಲ್ಲವೋ ನೋಡಿ ಫೋನ್ ಮಾಡುತ್ತೇವೆ ಎಂದರು. ನಿಮ್ಮ ಮನೆಯಲ್ಲಿ ಫೋನಿಲ್ಲ, ನನ್ನ ಅಂಗಡಿ ಪಕ್ಕದ ಎಸ್‌ಟಿಡಿ ಬೂತಿನ ನಂಬರ್ ಕೊಟ್ಟು ಬಂದೆ. ದಾರಿಯುದ್ದಕ್ಕೂ ಅವಳು ಕೇಳಿದ್ದು ಒಂದೇ: "ಹೊಂದ್ತದೆ ಅಲ್ವಾ ಅಣ್ಣ?"

ನಿನ್ನನ್ನು ಆಸ್ಪತ್ರೆಯಿಂದ ಊರಿಗೆ ಕರೆದುಕೊಂಡು ಬಂದಾಗ ನೀನು ಹಟ್ಟಿ ಮುಂದಿನ ಜಗಲಿಯಲ್ಲಿ ಕೂತು, ಬಂದವರಿಗೆಲ್ಲ ಹಳೆಯ ಪಂದ್ಯಗಳ ಕಥೆ ಹೇಳಿದೆ. ಮುಂದಿನ ಸಲ ಡಯಾಲಿಸಿಸ್‌ಗೆ ಹೊರಡುವ ದಿನ ಬೆಳಿಗ್ಗೆ ಗಾಡಿ ಬಂದು ನಿಂತಿತ್ತು. ನೀನು ಏಳಲಿಲ್ಲ. ಮೂರು ತಾಲ್ಲೂಕಿನ ಜನ ಸೇರಿದರು ಗಂಗ. ತುರುವೇಕೆರೆಯ ಆ ಉದ್ದನೆಯವನೂ ಬಂದಿದ್ದ, ನಿನ್ನ ಕಾಲ ಹತ್ತಿರವೇ ನಿಂತಿದ್ದ. ಅಷ್ಟು ಜನ ಸೇರಿದ್ದೆವು, ಕೂಗಲು ಆಟವಿರಲಿಲ್ಲ. ಕೂಗುವುದು ಬಿಟ್ಟರೆ ನಮಗೆ ಬೇರೇನು ಬರುತ್ತಿತ್ತು ಹೇಳು?

ನಿನ್ನ ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಮರುದಿನ ಅಂಗಡಿ ತೆಗೆದಿದ್ದೆ. ಬೂತಿನವರು ಫೋನ್ ಬಂದಿದೆ ಅಂತ ಕೂಗಿದರು. ಆ ಕಡೆಯಿಂದ ಒಂದು ಹುಡುಗಿ, ಸಂತೋಷದ ದನಿ. "ಜಯಮ್ಮ ಅವ್ರ ಕಡೆಯೋರಾ ಸಾರ್? ಎಲ್ಲಾ ಚೆನ್ನಾಗಿ ಹೊಂದುತ್ತೆ. ಪೇಷಂಟನ್ನ ಯಾವಾಗ ಕರ್ಕೊಂಡ್ ಬರ್ತೀರಾ?" ಅಂದಳು. ಫೋನಿಟ್ಟು ಅಂಗಡಿಗೆ ಬೀಗ ಹಾಕಿದೆ.

ಅವಳಿಗೆ ಹೇಳಬಾರದು ಅಂದುಕೊಂಡೇ ನಿಮ್ಮ ಮನೆಗೆ ಬಂದೆ. ಅವಳೇ ಕೇಳಿದಳು. ಸುಳ್ಳು ಹೇಳೋಣವೆಂದರೆ ಬಾಯಿ ಬರಲಿಲ್ಲ. "ಹೊಂದಿತ್ತು ಕಣಮ್ಮ" ಅಂದೆ. ಜಯಮ್ಮ ಅಳಲಿಲ್ಲ ಗಂಗ. ಪಕ್ಕೆಯ ಕೆಳಗೆ, ಕಿಡ್ನಿ ಇರುವ ಕಡೆ ಅಂಗೈ ಒತ್ತಿಕೊಂಡಳು.

"ಈಗ ಇದ್ನ ಮಡೀಕ್ಕಂಡು ನಾನೇನ್ ಮಾಡ್ಲಿ ಸಲೀಮಣ್ಣ?" ಅಂದಳು.

ನಿನ್ನ
ಸಲೀಮ